ವಿರಾಜಪೇಟೆ ದಾರಿಯ ಮೂಗು

ಹೋದ ಮಳೆಗಾಲದಲ್ಲಿ ಚಿಕ್ಕಮ್ಮನ ಮಗಳು ವಾಟ್ಸಾಪಿನಲ್ಲಿ ಎರಡು ಫೋಟೋ ಕಳಿಸಿದಳು. ಎರಡೂ ಅವಳದೇ ಮುಖ, ಪಕ್ಕದಿಂದ ತೆಗೆದದ್ದು. ಒಂದರಲ್ಲಿ ಮೂಗು ಇದ್ದ ಹಾಗೇ ಇದೆ. ಹುಬ್ಬಿನ ನಡುವಿನಿಂದ ಹೊರಟು, ಅರ್ಧ ದಾರಿಯಲ್ಲಿ ಸಣ್ಣದೊಂದು ದಿಬ್ಬ ಹತ್ತಿ, ಆಮೇಲೆ ತುದಿಗೆ ಇಳಿಯುತ್ತದೆ. ಇನ್ನೊಂದರಲ್ಲಿ ಆ ದಿಬ್ಬ ಇಲ್ಲ. ಬೆಂಗಳೂರಿನ ಕ್ಲಿನಿಕ್ ಒಂದರಲ್ಲಿ ಸಾಫ್ಟ್‌ವೇರ್ ಹಾಕಿ ಮಾಡಿಕೊಟ್ಟ ಸಿಮ್ಯುಲೇಶನ್ ಅದು. ಕೆಳಗೆ ಒಂದೇ ಸಾಲು: "ಹೇಗಿದೆ? ನಿಜ ಹೇಳು."

ನಿಜ ಹೇಳೋಕೆ ನನಗೆ ಎರಡು ದಿನ ಬೇಕಾಯ್ತು. ಯಾಕಂದ್ರೆ ಆ ದಿಬ್ಬ ಅವಳೊಬ್ಬಳದಲ್ಲ, ನಮ್ಮಜ್ಜನದು. ಅಜ್ಜನಿಂದ ನಮ್ಮಮ್ಮನಿಗೆ, ಚಿಕ್ಕಮ್ಮನಿಗೆ, ಅವರಿಂದ ನಮ್ಮಿಬ್ಬರಿಗೂ ಬಂದದ್ದು. ವಿರಾಜಪೇಟೆ ಸಂತೆಯಲ್ಲಿ ಗೊತ್ತಿಲ್ಲದ ಮುದುಕರು ನನ್ನನ್ನು ತಡೆದು "ನೀನು ಇಂಥವರ ಮೊಮ್ಮಗ ಅಲ್ವಾ" ಅಂತ ಕೇಳಿದ್ದುಂಟು. ಅವರು ಗುರುತು ಹಿಡಿದದ್ದು ಕಣ್ಣು ನೋಡಿ ಅಲ್ಲ. ಅವಳ ಮದುವೆ ನಿಶ್ಚಯವಾಗಿತ್ತು, ಫೋಟೋಗ್ರಾಫರ್ ಬುಕ್ ಆಗಿದ್ದ. ಅವಳ ಮುಂದೆ ಎರಡು ದಾರಿ ಇದ್ದವು. ಒಂದು ಆಪರೇಷನ್. ಇನ್ನೊಂದು ಇಂಜೆಕ್ಷನ್, ಹದಿನೈದು ನಿಮಿಷದ ಕೆಲಸ, ಸಂಜೆಗೆ ಆಫೀಸ್ ಕಾಲ್‌ಗೆ ಕೂರಬಹುದು ಅಂದಿದ್ದರಂತೆ.

ಎರಡರ ಬಗ್ಗೆಯೂ ಓದೋಣ ಅಂತ ಕೂತೆ. ಎಂಜಿನಿಯರ್ ಬುದ್ಧಿ, ಯಾವುದೇ ಸಿಸ್ಟಮ್ ನೋಡಿದರೂ ಮೊದಲು ಕೇಳುವುದು ಇದರ ಮೊದಲ ವರ್ಷನ್ ಯಾರು ಬರೆದರು ಅಂತ. ಹಾಗೆ ಹಿಂದೆ ಹಿಂದೆ ಹೋಗುತ್ತಾ ನಾನು ಬಂದು ನಿಂತದ್ದು 1792ಕ್ಕೆ. ಜಾಗ ಯಾವುದು ಅಂತೀರಿ? ಬರ್ಲಿನ್, ಪ್ಯಾರಿಸ್ ಅಲ್ಲ. ಶ್ರೀರಂಗಪಟ್ಟಣದ ಹೊರವಲಯ, ನಮ್ಮೂರಿನ ದಾರಿಯಲ್ಲಿ ನಡೆದುಬಂದ ಒಂದು ಸೈನ್ಯದ ಬಿಡಾರ.

ಮೂರನೇ ಆಂಗ್ಲೋ-ಮೈಸೂರು ಯುದ್ಧ ಸ್ಕೂಲಿನಲ್ಲಿ ಒಂದು ಪ್ಯಾರಾಗ್ರಾಫ್ ಆಗಿ ಮುಗಿದುಹೋಗುತ್ತದೆ. ಕಾರ್ನ್‌ವಾಲಿಸ್ ಬಂದ, ಗೆದ್ದ, ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆ ಇಟ್ಟುಕೊಂಡ. ಆದರೆ ಆ ಯುದ್ಧವನ್ನು ನಿಜಕ್ಕೂ ನಡೆಸಿದವು ಎತ್ತುಗಳು. ಫಿರಂಗಿ ಎಳೆಯೋಕೆ ಎತ್ತು, ಅಕ್ಕಿ ಹೊರೋಕೆ ಎತ್ತು, ಮದ್ದುಗುಂಡಿಗೂ ಎತ್ತು. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಾಗಿಲವರೆಗೆ ಬಂದು ವಾಪಸ್ ಹೋದದ್ದು ಸೋತದ್ದರಿಂದಲ್ಲ. ಎತ್ತುಗಳು ಸತ್ತವು, ದವಸ ಮುಗಿಯಿತು, ಮಳೆ ಹಿಡಿಯಿತು. ದೊಡ್ಡ ಫಿರಂಗಿಗಳನ್ನು ತಾನೇ ಹಾಳುಮಾಡಿ ಹಿಂದಿರುಗಿದ. ಅದೇ ಹೊತ್ತಿಗೆ ಪಶ್ಚಿಮದಿಂದ ಮುಂಬಯಿ ಸೈನ್ಯ ತಂದಿದ್ದ ಜನರಲ್ ರಾಬರ್ಟ್ ಅಬರ್‌ಕ್ರೋಂಬಿ ಪಿರಿಯಾಪಟ್ಟಣದವರೆಗೆ ಬಂದವನು ಅವನೂ ವಾಪಸ್.

ಈ ಅಬರ್‌ಕ್ರೋಂಬಿ ಬಂದ ದಾರಿಯೇ ಕೊಡಗು. ಮಲಬಾರಿನ ತೀರದಲ್ಲಿ ಇಳಿದು, ಘಟ್ಟ ಹತ್ತಿ, ನಮ್ಮ ಕಾಡು-ಗದ್ದೆಗಳ ನಡುವೆ ಮೈಸೂರು ಕಡೆಗೆ. ಟಿಪ್ಪುವಿನ ಸೆರೆಯಿಂದ 1788ರಲ್ಲಿ ಪಿರಿಯಾಪಟ್ಟಣದಿಂದ ತಪ್ಪಿಸಿಕೊಂಡು ಬಂದಿದ್ದ ದೊಡ್ಡ ವೀರರಾಜೇಂದ್ರ 1790ರಲ್ಲಿ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡಿದ್ದ. ದಾರಿ ಬಿಟ್ಟುಕೊಟ್ಟ, ದವಸ ಕೊಟ್ಟ, ಎತ್ತು ಕೊಟ್ಟ. ರಾಜನೂ ಜನರಲ್ಲೂ ಭೇಟಿಯಾದ ನೆನಪಿಗೆ 1792ರಲ್ಲಿ ಒಂದು ಪೇಟೆ ಕಟ್ಟಿಸಿದ. ಅದೇ ವೀರರಾಜೇಂದ್ರಪೇಟೆ, ಈಗಿನ ವಿರಾಜಪೇಟೆ. ನಾನು ಪಿಯುಸಿ ಓದಿದ, ಬಸ್ಸಿಗೆ ಕಾದು ಕಾದು ಸುಸ್ತಾದ ಊರು ಒಂದು ಯುದ್ಧದ ಸಪ್ಲೈ ಲೈನಿನ ಮೇಲೆ ಹುಟ್ಟಿದ್ದು ಅಂತ ನನಗೆ ಮೂವತ್ತು ದಾಟುವವರೆಗೆ ಗೊತ್ತಿರಲಿಲ್ಲ.

1792ರ ಫೆಬ್ರವರಿಯಲ್ಲಿ ಎರಡನೇ ಸಲ ಬಂದ ಅಬರ್‌ಕ್ರೋಂಬಿಯ ಸೈನ್ಯ ಶ್ರೀರಂಗಪಟ್ಟಣದ ಹತ್ತಿರ ಬೀಡುಬಿಟ್ಟಿತು. ಆ ಬಿಡಾರಕ್ಕೆ ಒಬ್ಬ ಮನುಷ್ಯ ಬಂದು ಸೇರಿಕೊಂಡ. ಹೆಸರು ಕಾವಸ್‌ಜಿ. ಮರಾಠಾ ಸೀಮೆಯ ಒಕ್ಕಲಿಗ, ಇಂಗ್ಲಿಷ್ ಸೈನ್ಯದಲ್ಲಿ ಎತ್ತು ಹೊಡೆಯುವವನು. ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿದ್ದ. ಅವರು ಅವನ ಮೂಗನ್ನೂ ಒಂದು ಕೈಯನ್ನೂ ಕಡಿದು ಬಿಟ್ಟಿದ್ದರು.

ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಟಿಪ್ಪು ಹೆಸರು ಬಂದ ಕೂಡಲೇ ನಮ್ಮ ಜಿಲ್ಲೆಯಲ್ಲಿ ಎರಡು ಗುಂಪು ಎದ್ದು ನಿಲ್ಲುತ್ತವೆ. 2015ರ ನವೆಂಬರ್‌ನಲ್ಲಿ ಮಡಿಕೇರಿಯಲ್ಲಿ ಏನಾಯ್ತು ಅಂತ ನೆನಪಿರುವವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಕೊಡಗಿನವರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದು ನಿಜ, ಅದನ್ನು ಮುಚ್ಚಿಡುವ ಅಗತ್ಯ ಇಲ್ಲ. ಆದರೆ ಮೂಗು ಕೊಯ್ಯುವುದು ಟಿಪ್ಪು ಕಂಡುಹಿಡಿದ ಶಿಕ್ಷೆ ಅಲ್ಲ. ಅವನಿಗಿಂತ ನೂರಮೂವತ್ತು ವರ್ಷ ಹಿಂದೆ, ಅಣ್ಣಾವ್ರು ಪರದೆ ಮೇಲೆ ಮಾಡಿದರಲ್ಲ ಅದೇ ರಣಧೀರ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಮೈಸೂರಿನ ಸೈನ್ಯ ಸತ್ಯಮಂಗಲದ ಕಡೆಯಿಂದ ಮಧುರೆ ಸೀಮೆಗೆ ನುಗ್ಗಿ ಸಿಕ್ಕವರ ಮೂಗನ್ನು ಮೇಲ್ತುಟಿಯ ಸಮೇತ ಕೊಯ್ದಿತು. ಮಧುರೆಯ ತಿರುಮಲ ನಾಯಕನ ಕಡೆಯವರು ಮೈಸೂರಿನ ಒಳಕ್ಕೆ ನುಗ್ಗಿ ಅದೇ ಲೆಕ್ಕದಲ್ಲಿ ಮೂಗಿಗೆ ಮೂಗು ವಸೂಲಿ ಮಾಡಿದರು. ತಮಿಳಿನಲ್ಲಿ ಅದಕ್ಕೆ ಮೂಗು ಕೊಯ್ದ ಯುದ್ಧ ಅಂತಲೇ ಹೆಸರಿದೆ. ಮೀಸೆ ಮೇಲ್ತುಟಿಯಲ್ಲಿರುತ್ತದೆ ಅನ್ನೋದನ್ನ ಗಮನಿಸಿ. ಕೊಲ್ಲುವುದು ಅವರ ಉದ್ದೇಶ ಆಗಿರಲಿಲ್ಲ. ಬದುಕಿ ಊರಿಗೆ ಹೋಗಿ ಎಲ್ಲರ ಮುಂದೆ ಓಡಾಡಲಿ ಅನ್ನೋದೇ ಉದ್ದೇಶ.

ರಾಮಾಯಣದಲ್ಲಿ ಲಕ್ಷ್ಮಣ ಶೂರ್ಪನಖಿಗೆ ಮಾಡಿದ್ದೂ ಅದೇ ಅಲ್ವಾ? ಚಿಕ್ಕವನಿದ್ದಾಗ ಆ ಕಥೆ ಕೇಳಿ ನಾವು ನಕ್ಕಿದ್ದೆವು.

ಕಾವಸ್‌ಜಿ ಸುಮಾರು ಒಂದು ವರ್ಷ ಮೂಗಿಲ್ಲದೆ ಇದ್ದ. ಆಮೇಲೆ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಕುಲದ ಒಬ್ಬ ಕಸುಬುದಾರ ಅವನಿಗೆ ಹೊಸ ಮೂಗು ಮಾಡಿಕೊಟ್ಟ. ವೈದ್ಯ ಅಲ್ಲ, ಪಂಡಿತ ಅಲ್ಲ. ಮಣ್ಣು ಕಲಸಿ ಆಕಾರ ಕೊಡುವ ಮನೆತನದವನು. ಕೆಲಸ ಮಾಡಿದ ಆ ಮನುಷ್ಯನ ಹೆಸರನ್ನು ಯಾರೂ ಬರೆದಿಡಲಿಲ್ಲ. ನೋಡುತ್ತಾ ನಿಂತಿದ್ದ ಮುಂಬಯಿಯ ಇಬ್ಬರು ಕಂಪನಿ ಡಾಕ್ಟರುಗಳ ಹೆಸರು ಮಾತ್ರ ಉಳಿದಿದೆ: ಥಾಮಸ್ ಕ್ರೂಸೋ, ಜೇಮ್ಸ್ ಫಿಂಡ್ಲೆ. ಗಿಟ್‌ನಲ್ಲಿ ಕಮಿಟ್ ಮಾಡಿದವನ ಹೆಸರು ಹೋಗಿ ರಿವ್ಯೂ ಮಾಡಿದವರ ಹೆಸರು ಉಳಿದ ಹಾಗೆ. ನಮ್ಮ ಫೀಲ್ಡಿನವರಿಗೆ ಇದು ಹೊಸದೇನಲ್ಲ.

ಆಪರೇಷನ್ ನಡೆದ ರೀತಿ ಹೀಗೆ. ತೆಳ್ಳಗಿನ ಮೇಣದ ಹಾಳೆಯನ್ನು ಮೂಗಿನ ಮೋಟಿನ ಮೇಲೆ ಕೂರಿಸಿ ಒಳ್ಳೆ ಮೂಗಿನ ಆಕಾರ ಕೊಡುತ್ತಾನೆ. ಆಮೇಲೆ ಅದನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆಯುತ್ತಾನೆ. ಈಗ ಹಣೆಯ ಮೇಲೆ ಬಿಚ್ಚಿಟ್ಟ ಮೂಗಿನ ನಕ್ಷೆ ಇದೆ, ದರ್ಜಿ ಬಟ್ಟೆ ಮೇಲೆ ಸೀಮೆಸುಣ್ಣದಲ್ಲಿ ಬರೆದ ಹಾಗೆ. ಆ ಗೆರೆಯ ಮೇಲೆ ಚರ್ಮ ಕೊಯ್ದು ಎಬ್ಬಿಸುತ್ತಾನೆ. ಆದರೆ ಪೂರ್ತಿ ಬಿಡಿಸುವುದಿಲ್ಲ. ಎರಡು ಕಣ್ಣುಗಳ ನಡುವೆ ಒಂದು ಸಣ್ಣ ಪಟ್ಟಿಯನ್ನು ಹಾಗೇ ಉಳಿಸುತ್ತಾನೆ. ಇಡೀ ಜಾಣತನ ಇರುವುದು ಆ ಪಟ್ಟಿಯಲ್ಲಿ. ಹೊಸ ಮೂಗಿಗೆ ರಕ್ತ ಬರುವ ದಾರಿ ಅದೊಂದೇ. ಮೋಟಿನ ಹಳೇ ಗಾಯದ ಅಂಚನ್ನು ಕೆರೆದು ಹಸಿ ಮಾಡಿ, ಹಣೆಯ ಚರ್ಮವನ್ನು ತಿರುಚಿ ಕೆಳಗಿಳಿಸಿ ಆ ಅಂಚಿನೊಳಗೆ ಸೇರಿಸುತ್ತಾನೆ. ಹೊಲಿಗೆ ಇಲ್ಲ. ನೀರಲ್ಲಿ ನೆನೆಸಿದ ಕಾಚನ್ನು ಬಟ್ಟೆ ಪಟ್ಟಿಗೆ ಸವರಿ ಐದಾರು ಪದರ ಅಂಟಿಸುತ್ತಾನೆ. ವೀಳ್ಯದೆಲೆಗೆ ಹಚ್ಚುತ್ತಾರಲ್ಲ, ಅದೇ ಕಾಚು. ನಾಲ್ಕು ದಿನ ಅದನ್ನು ಮುಟ್ಟುವ ಹಾಗಿಲ್ಲ. ಆಮೇಲೆ ತುಪ್ಪದಲ್ಲಿ ಅದ್ದಿದ ಬಟ್ಟೆ. ರೋಗಿ ಐದಾರು ದಿನ ಅಂಗಾತ ಮಲಗಿರಬೇಕು. ಹತ್ತನೇ ದಿನ ಮೂಗಿನ ಹೊಳ್ಳೆ ಮುಚ್ಚಿಹೋಗದಂತೆ ಒಳಗೆ ಮೆತ್ತನೆ ಬಟ್ಟೆ ತುರುಕುತ್ತಾನೆ. ಸುಮಾರು ಇಪ್ಪತ್ತೈದನೇ ದಿನ, ಹೊಸ ಜಾಗದಲ್ಲಿ ರಕ್ತನಾಳಗಳು ಬೇರು ಬಿಟ್ಟ ಮೇಲೆ, ಕಣ್ಣುಗಳ ನಡುವಿನ ಆ ಪಟ್ಟಿಯನ್ನು ಕತ್ತರಿಸುತ್ತಾನೆ.

ಮತ್ತು ಬರೆ ಇಲ್ಲ, ಕ್ಲೋರೋಫಾರ್ಮ್ ಇಲ್ಲ. ಅರಿವಳಿಕೆ ಲೋಕಕ್ಕೆ ಬರೋಕೆ ಇನ್ನೂ ಐವತ್ತು ವರ್ಷ ಇತ್ತು.

"ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ" ಅಂತ ನಮ್ಮಲ್ಲಿ ಗಾದೆ ಇದೆ. ಬಂತಲ್ಲ! ಗಾದೆ ಮಾಡಿದವನು ಪುಣೆಗೆ ಹೋಗಿರಲಿಲ್ಲ ಅನಿಸುತ್ತೆ.

ಜೇಮ್ಸ್ ವೇಲ್ಸ್ ಅನ್ನುವ ಚಿತ್ರಕಾರ 1794ರಲ್ಲಿ ಕಾವಸ್‌ಜಿಯ ಚಿತ್ರ ಬರೆದ. ಅದೇ ವರ್ಷ ಅಕ್ಟೋಬರ್‌ನಲ್ಲಿ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜೀನ್ ಪತ್ರಿಕೆಯಲ್ಲಿ ಆ ಚಿತ್ರದ ಜೊತೆ ಒಂದು ಪತ್ರ ಪ್ರಕಟವಾಯಿತು. ಬರೆದವನು ಬಿ. ಎಲ್. ಅಂತಷ್ಟೇ ಸಹಿ ಮಾಡಿದ್ದಾನೆ. ಇಂಡಿಯಾದಲ್ಲಿ ಇದು ಅಪರೂಪವೇನಲ್ಲ, ಅನಾದಿಯಿಂದ ನಡೆದುಬಂದದ್ದು ಅನ್ನುತ್ತಾನೆ. ಅವನು ಹೇಳಿದ್ದು ಸರಿ. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 16ನೇ ಅಧ್ಯಾಯದಲ್ಲಿ ಮೂಗು ಕಟ್ಟುವ ವಿಧಾನ ಇದೆ. ಮೇಣದ ಬದಲು ಮರದ ಎಲೆಯಲ್ಲಿ ಅಳತೆ, ಉಸಿರಾಟಕ್ಕೆ ಎರಡು ಕೊಳವೆ. ಆದರೆ ಅಲ್ಲಿ ಚರ್ಮ ತೆಗೆಯುವುದು ಕೆನ್ನೆಯಿಂದ. ಹಣೆಗೆ ಹೋದದ್ದು ಆಮೇಲಿನ ಕಸುಬುದಾರರು. ವಾಟ್ಸಾಪ್ ಫಾರ್ವರ್ಡುಗಳಲ್ಲಿ ಎಲ್ಲವನ್ನೂ ಸುಶ್ರುತನ ಲೆಕ್ಕಕ್ಕೇ ಬರೆಯುತ್ತಾರೆ. ಅದರಿಂದ ಅನ್ಯಾಯ ಆಗುವುದು ಗ್ರಂಥ ಓದದೆ ಕೈಯಿಂದ ಕೈಗೆ ಕಲಿತು ಅದನ್ನು ಸುಧಾರಿಸಿದವರಿಗೆ.

ಆ ಪತ್ರ ಓದಿದ ಲಂಡನ್ನಿನ ಸರ್ಜನ್ ಜೋಸೆಫ್ ಕಾರ್ಪ್ಯೂ ಹೆಣಗಳ ಮೇಲೆ ಅಭ್ಯಾಸ ಮಾಡಿದ. ಸರಿಯಾದ ರೋಗಿ ಸಿಗಲಿ ಅಂತ ಇಪ್ಪತ್ತು ವರ್ಷ ಕಾದ. 1814ರ ಅಕ್ಟೋಬರ್ 23ರಂದು ಚೆಲ್ಸಿಯ ಆಸ್ಪತ್ರೆಯಲ್ಲಿ ಒಬ್ಬ ಸೇನಾಧಿಕಾರಿಗೆ ಹಣೆಯ ಚರ್ಮದಿಂದ ಮೂಗು ಮಾಡಿದ. ಆ ಅಧಿಕಾರಿಯ ಮೂಗು ಹೋದದ್ದು ಕತ್ತಿಯಿಂದಲ್ಲ, ಪಾದರಸದ ಔಷಧದಿಂದ. 1816ರಲ್ಲಿ ಕಾರ್ಪ್ಯೂ ಪುಸ್ತಕ ಬರೆದ. 1818ರಲ್ಲಿ ಬರ್ಲಿನ್ನಿನ ಗ್ರಾಫೆ ತನ್ನ ಪುಸ್ತಕಕ್ಕೆ ರೈನೋಪ್ಲಾಸ್ಟಿಕ್ ಅಂತ ಹೆಸರಿಟ್ಟ. ಇವತ್ತು ನಮ್ಮ ಹುಡುಗಿ ಗೂಗಲ್ ಮಾಡಿದ ಪದ ಅಲ್ಲಿಂದ ಬಂದದ್ದು. ಹಣೆಯ ಚರ್ಮ ಇಳಿಸುವ ಆ ವಿಧಾನವನ್ನು ಇವತ್ತಿಗೂ ಮಾಡುತ್ತಾರೆ, ಹೆಚ್ಚಾಗಿ ಚರ್ಮದ ಕ್ಯಾನ್ಸರಿಗೆ ಮೂಗು ಕಳೆದುಕೊಂಡವರಿಗೆ.

ಆದರೆ ಗಮನಿಸಿದಿರಾ, ಇಲ್ಲಿಯವರೆಗೆ ಎಲ್ಲರೂ ಮಾಡಿದ್ದು ಇಲ್ಲದ ಮೂಗನ್ನು ಕೂಡಿಸುವ ಕೆಲಸ. ಇರುವ ಮೂಗಿನಿಂದ ಸ್ವಲ್ಪ ಕಳೆಯುವುದು ಯಾರಿಗೂ ಹೊಳೆದಿರಲಿಲ್ಲ. ಹೊಳೆದರೂ ಅದಕ್ಕಾಗಿ ಎಚ್ಚರವಿರುವಾಗಲೇ ಕತ್ತಿಗೆ ಮುಖ ಒಡ್ಡುವವರು ಯಾರು? ಅರಿವಳಿಕೆ ಬಂತು, ಕೀವಾಗದಂತೆ ತಡೆಯುವ ಔಷಧ ಬಂತು, 1884ರಲ್ಲಿ ಕೊಕೇನ್ ಹಾಕಿ ಜಾಗ ಮಾತ್ರ ಮರಗಟ್ಟಿಸುವುದು ಗೊತ್ತಾಯಿತು. ಆಮೇಲೆ ಶುರುವಾಯಿತು. ಅಮೆರಿಕದ ರಾಚೆಸ್ಟರಿನ ಜಾನ್ ಓರ್ಲ್ಯಾಂಡೋ ರೋ 1887ರಲ್ಲಿ ಮೊಂಡು ಮೂಗನ್ನು ತಿದ್ದಿದ್ದರ ಬಗ್ಗೆ ಬರೆದ. 1891ರಲ್ಲಿ ಹೊರಗೆ ಗಾಯದ ಗುರುತು ಕಾಣದಂತೆ ಮೂಗಿನ ಒಳಗಿನಿಂದಲೇ ದಿಬ್ಬ ತೆಗೆದದ್ದರ ಬಗ್ಗೆ ಬರೆದ. ನನ್ನ ತಂಗಿ ಕೇಳುತ್ತಿರುವ ಆಪರೇಷನ್ನಿನ ಮೊದಲ ವರ್ಷನ್ ಇದೇ.

ಎರಡನೆಯವನು ಬರ್ಲಿನ್ನಿನ ಜಾಕ್ ಜೋಸೆಫ್. ಇವನ ಕಥೆ ಸ್ವಲ್ಪ ಉದ್ದ, ಆದರೆ ಹೇಳಲೇಬೇಕು. ಮೂಳೆ ಡಾಕ್ಟರ್ ಆಗಿದ್ದ. 1896ರಲ್ಲಿ ಒಬ್ಬ ಹುಡುಗನ ಮುಂಚಾಚಿದ ಕಿವಿಯನ್ನು ತಿದ್ದಿದ. ಹುಡುಗನನ್ನು ಶಾಲೆಯಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದರು, ಅಷ್ಟೇ ಕಾರಣ. ರೋಗವಿಲ್ಲದ ಮೈಗೆ ಕತ್ತಿ ಹಾಕಿದ ಅಂತ ಮೇಲಿನವರು ಕೆಲಸದಿಂದ ತೆಗೆದರು. 1898ರಲ್ಲಿ ಒಬ್ಬ ಜಮೀನ್ದಾರ ಬಂದ, ಇಪ್ಪತ್ತೆಂಟು ವರ್ಷ, ಮೂಗು ತುಂಬ ದೊಡ್ಡದು. ಬೀದಿಯಲ್ಲಿ ಜನ ನೋಡುತ್ತಾರೆ ಅಂತ ಮನೆಯಿಂದ ಹೊರಗೇ ಬರುತ್ತಿರಲಿಲ್ಲ. ಜೋಸೆಫ್ ಅವನ ಮೂಗನ್ನು ಕಿರಿದು ಮಾಡಿ ಬರ್ಲಿನ್ನಿನ ವೈದ್ಯರ ಸಭೆಯ ಮುಂದೆ ವರದಿ ಇಟ್ಟ. ಅವನ ವಾದ ಸರಳ: ಮನಸ್ಸಿನ ಸಂಕಟ ಸಂಕಟವೇ, ಅದಕ್ಕೂ ಚಿಕಿತ್ಸೆ ಬೇಕು. ಅವತ್ತು ಇದನ್ನು ಒಪ್ಪುವವರು ಕಡಿಮೆ ಇದ್ದರು.

ಜೋಸೆಫ್ ಯಹೂದಿ. ಅವನ ಹತ್ತಿರ ಬಂದವರಲ್ಲಿ ಯಹೂದಿಗಳೂ ಬಹಳ. ದಿಬ್ಬದ ಮೂಗು ಅಂದರೆ ಯಹೂದಿ ಮೂಗು ಅಂತ ಯುರೋಪಿನ ವ್ಯಂಗ್ಯಚಿತ್ರಗಳು ಹಣೆಪಟ್ಟಿ ಹಚ್ಚಿದ್ದ ಕಾಲ. ಆ ಜನ ಕೇಳಿದ್ದು ಚಂದ ಕಾಣಬೇಕು ಅಂತಲ್ಲ, ಎದ್ದು ಕಾಣಬಾರದು ಅಂತ. ದುಡ್ಡಿಲ್ಲದ ಕೆಲವರಿಗೆ ಜೋಸೆಫ್ ಪುಕ್ಕಟೆ ಮಾಡಿಕೊಟ್ಟದ್ದೂ ಉಂಟು. ಹಿಟ್ಲರ್ ಬಂದ ಮರುವರ್ಷ, 1934ರಲ್ಲಿ, ತೀರಿಕೊಂಡ.

ಇದನ್ನು ಓದುವಾಗ ನನಗೆ ನಮ್ಮ ಜಿಲ್ಲೆಯ ಇನ್ನೊಂದು ಕಡತ ನೆನಪಾಯಿತು. ಜೋಸೆಫ್ ಬರ್ಲಿನ್ನಿನಲ್ಲಿ ಮೂಗು ಕಿರಿದು ಮಾಡುತ್ತಿದ್ದ ಅದೇ ಹೊತ್ತಿನಲ್ಲಿ ಕೊಡಗಿನಲ್ಲಿ ಮೂಗು ಅಳೆಯುತ್ತಿದ್ದರು. ಥಾಮಸ್ ಹಾಲೆಂಡ್ ಅನ್ನುವವನು ಭೂವಿಜ್ಞಾನಿ, ಮದರಾಸಿನ ಚಾರ್ನೊಕೈಟ್ ಕಲ್ಲಿಗೆ ಹೆಸರಿಟ್ಟವನು. ಅವನು ಕಲ್ಲು ಬಿಟ್ಟು ಮನುಷ್ಯರ ಕಡೆ ತಿರುಗಿ 1901ರಲ್ಲಿ ಕೊಡವರ ಮತ್ತು ಯರವರ ಅಳತೆಗಳನ್ನು ಅಕ್ಕಪಕ್ಕ ಇಟ್ಟು ಒಂದು ಲೇಖನ ಬರೆದ. ಶೀರ್ಷಿಕೆಯಲ್ಲೇ ಇದೊಂದು ವ್ಯತ್ಯಾಸದ ಅಧ್ಯಯನ ಅಂತ ಹೇಳಿಬಿಟ್ಟಿದ್ದಾನೆ. ಒಂದೇ ಗದ್ದೆಯಲ್ಲಿ ಇದ್ದವರು, ಒಬ್ಬರು ಒಡೆಯರು, ಇನ್ನೊಬ್ಬರು ಆ ಗದ್ದೆಗೆ ಕಟ್ಟುಬಿದ್ದ ಆಳುಗಳು. ಮದರಾಸು ಮ್ಯೂಸಿಯಮ್ಮಿನ ಎಡ್ಗರ್ ಥರ್ಸ್ಟನ್ 1909ರ ತನ್ನ ಏಳು ಸಂಪುಟಗಳಲ್ಲೂ ಇಂಥ ಅಳತೆಗಳನ್ನೇ ತುಂಬಿದ.

ಅಳತೆ ಮಾಡುವ ಸೂತ್ರ ನಮ್ಮಂಥವರಿಗೆ ಒಂದು ಸಾಲಿನ ಕೋಡ್. ಮೂಗಿನ ಅಗಲವನ್ನು ನೂರರಿಂದ ಗುಣಿಸಿ ಉದ್ದದಿಂದ ಭಾಗಿಸಿ. ಎಪ್ಪತ್ತಕ್ಕಿಂತ ಕಡಿಮೆ ಬಂದರೆ ಕಿರಿದಾದ ಮೂಗು, ಎಂಬತ್ತೈದು ದಾಟಿದರೆ ಅಗಲ ಮೂಗು, ನಡುವೆ ಮಧ್ಯಮ. 1901ರ ಜನಗಣತಿಯ ಕಮಿಷನರ್ ಹರ್ಬರ್ಟ್ ರಿಸ್ಲಿ ಇದರ ಮೇಲೆ ಒಂದು ಸಿದ್ಧಾಂತವನ್ನೇ ಕಟ್ಟಿದ. ಮೂಗು ಕಿರಿದಾದಷ್ಟೂ ಜಾತಿ ಮೇಲು ಅಂತ. ಡೇಟಾ ಸೈನ್ಸ್ ಮಾಡುವ ಯಾರಾದರೂ ಅವನ ಕೋಷ್ಟಕ ನೋಡಿದರೆ ತಲೆ ಚಚ್ಚಿಕೊಳ್ಳುತ್ತಾರೆ, ಅಷ್ಟು ಕಡಿಮೆ ಜನರನ್ನು ಅಳೆದು ಅಷ್ಟು ದೊಡ್ಡ ಮಾತು. 2017ರಲ್ಲಿ ಪೆನ್ಸಿಲ್ವೇನಿಯಾದ ಸಂಶೋಧಕರು ಮೂಗಿನ ಹೊಳ್ಳೆಯ ಅಗಲಕ್ಕೂ ಪೂರ್ವಿಕರು ಬದುಕಿದ ಜಾಗದ ಶಾಖ-ತೇವಕ್ಕೂ ಸಂಬಂಧ ಇದೆ ಅಂತ ತೋರಿಸಿದರು. ಒಣ ಚಳಿಗಾಳಿಯನ್ನು ಬಿಸಿ ಮಾಡಿ ಒದ್ದೆ ಮಾಡಿ ಒಳಗೆ ಕಳಿಸೋಕೆ ಕಿರಿದಾದ ಮೂಗು ಅನುಕೂಲ. ಏರ್ ಕಂಡೀಷನರ್ ಅಷ್ಟೇ, ಜಾತಿ ಪ್ರಮಾಣಪತ್ರ ಅಲ್ಲ.

ಆದರೆ ಕ್ಯಾಲಿಪರ್ ಹೋದರೂ ಅದರ ಗುರುತು ಹೋಗಲಿಲ್ಲ. ಚೂಪು ಮೂಗು, ಗರುಡ ಮೂಗು ಅಂತ ಹೆಮ್ಮೆಪಡುವ, ಅಲೆಕ್ಸಾಂಡರನ ಸೈನಿಕರ ಸಂತತಿ ಅಂತ ಕಥೆ ಹೇಳುವ ಅಭ್ಯಾಸ ನಮ್ಮ ಜಿಲ್ಲೆಯಲ್ಲಿದೆ. ನಾನು ಕೊಡವನಲ್ಲ, ಆದರೂ ಅಜ್ಜನ ದಿಬ್ಬದ ಮೂಗಿನ ಬಗ್ಗೆ ನನಗಿದ್ದ ಹೆಮ್ಮೆಯೂ ಅದೇ ಅಂಗಡಿಯ ಮಾಲು. ಸ್ಕೂಲಿನಲ್ಲಿ ನಮ್ಮ ಜೊತೆ ಯರವರ ಹುಡುಗರು ಇದ್ದರು. ಅವರ ಮೂಗಿನ ಬಗ್ಗೆ ನಾವು ಆಡಿದ ಮಾತುಗಳನ್ನು ಇಲ್ಲಿ ಬರೆಯೋಕೆ ಕೈ ಬರುತ್ತಿಲ್ಲ. ಹಾಗಾಗಿ ತಂಗಿಗೆ "ಅದು ನಮ್ಮ ಮನೆತನದ ಗುರುತು, ತೆಗೆಸಬೇಡ" ಅಂತ ಬರೆಯಲು ಹೊರಟವನು ಟೈಪ್ ಮಾಡಿದ್ದನ್ನು ಅಳಿಸಿದೆ.

ಇನ್ನು ಇಂಜೆಕ್ಷನ್. ಇದು ಹೊಸದು ಅಂದುಕೊಂಡಿದ್ದೆ. ಅಲ್ಲ. ವಿಯೆನ್ನಾದ ರಾಬರ್ಟ್ ಗೆರ್ಸುನಿ 1899ರ ಹೊತ್ತಿಗೇ ಚರ್ಮದ ಕೆಳಗೆ ಪ್ಯಾರಾಫಿನ್ ಮೇಣ ಚುಚ್ಚಲು ಶುರುಮಾಡಿದ್ದ. ಕರಗಿಸಿ ಚುಚ್ಚಿದರೆ ಒಳಗೆ ಗಟ್ಟಿಯಾಗಿ ನಿಲ್ಲುತ್ತದೆ, ಕತ್ತಿ ಬೇಡ, ಗಾಯದ ಗುರುತು ಇಲ್ಲ. ಯುರೋಪ್ ಹುಚ್ಚೆದ್ದು ಮಾಡಿಸಿಕೊಂಡಿತು. ಗ್ಲ್ಯಾಡಿಸ್ ಡೀಕನ್ ಅನ್ನುವ ಪ್ರಸಿದ್ಧ ಸುಂದರಿ, ಮುಂದೆ ಮಾರ್ಲ್‌ಬರೋದ ಡಚೆಸ್ ಆದವಳು, ಹಣೆಯಿಂದ ಮೂಗಿಗೆ ಗ್ರೀಕ್ ಶಿಲ್ಪದಂಥ ನೇರ ಗೆರೆ ಬೇಕು ಅಂತ ಮೂಗಿನ ಮೇಲ್ಭಾಗಕ್ಕೆ ಪ್ಯಾರಾಫಿನ್ ಹಾಕಿಸಿಕೊಂಡಳು. ಮೇಣ ಅಲ್ಲಿ ನಿಲ್ಲಲಿಲ್ಲ, ಕೆಳಗೆ ಜಾರಿತು, ಗಂಟುಗಳಾಗಿ ಮುಖ ಕೆಡಿಸಿತು. ಪುಣೆಯ ಮನುಷ್ಯ ಮೇಣವನ್ನು ಅಳತೆಗೆ ಮಾತ್ರ ಬಳಸಿ ಪಕ್ಕಕ್ಕಿಟ್ಟಿದ್ದ ಅನ್ನೋದು ನೆನಪಿರಲಿ.

ಈಗ ಬಳಸುವುದು ಮೇಣ ಅಲ್ಲ, ಹಯಲುರಾನಿಕ್ ಆಮ್ಲದ ಜೆಲ್. ನಮ್ಮ ಮೈಯಲ್ಲೇ ಇರುವ ವಸ್ತು. ಆದರೆ ಇದು ದಿಬ್ಬವನ್ನು ತೆಗೆಯುವುದಿಲ್ಲ. ದಿಬ್ಬದ ಮೇಲೂ ಕೆಳಗೂ ಇರುವ ತಗ್ಗನ್ನು ತುಂಬಿ ಗೆರೆ ನೇರ ಕಾಣುವಂತೆ ಮಾಡುತ್ತದೆ. ರಸ್ತೆಯ ಹಂಪ್ ಒಡೆಯುವ ಬದಲು ಆಚೀಚೆ ಟಾರ್ ಹಾಕಿ ಎತ್ತರಿಸಿದ ಹಾಗೆ. ಅಂದರೆ ಮೂಗು ನಿಜಕ್ಕೂ ಕೂದಲೆಳೆಯಷ್ಟು ದೊಡ್ಡದೇ ಆಗುತ್ತದೆ, ಕಣ್ಣಿಗೆ ಮಾತ್ರ ಚಿಕ್ಕದು. ಆರು ತಿಂಗಳು, ಒಂದು ವರ್ಷ, ಕೆಲವರಿಗೆ ಇನ್ನೂ ಸ್ವಲ್ಪ ಹೆಚ್ಚು ಇರುತ್ತದೆ, ಆಮೇಲೆ ಕರಗಿಹೋಗುತ್ತದೆ. ಇಷ್ಟವಾಗದಿದ್ದರೆ ಹಯಲುರೊನಿಡೇಸ್ ಅನ್ನುವ ಕಿಣ್ವ ಚುಚ್ಚಿ ಅವತ್ತೇ ಕರಗಿಸಬಹುದು. ರೋಲ್‌ಬ್ಯಾಕ್ ಇದೆ ಅಂತ ನನಗೆ ಖುಷಿಯಾಯಿತು.

ಖುಷಿ ಮುಂದಿನ ಪುಟದವರೆಗೆ ಮಾತ್ರ. ಮೂಗಿನ ಮೇಲಿನ ರಕ್ತನಾಳಗಳು ಕಣ್ಣಿಗೆ ಹೋಗುವ ನಾಳದ ಜೊತೆ ಕೂಡಿಕೊಂಡಿವೆ. ಸೂಜಿ ತಪ್ಪಿ ಜೆಲ್ ನಾಳದ ಒಳಗೆ ಹೋದರೆ ಮೂಗಿನ ಚರ್ಮ ಕೊಳೆಯಬಹುದು. ಹಿಂದಕ್ಕೆ ತಳ್ಳಲ್ಪಟ್ಟು ಕಣ್ಣಿನ ನಾಳ ಕಟ್ಟಿದರೆ ದೃಷ್ಟಿ ಹೋಗಬಹುದು, ಅದು ಬಹುಪಾಲು ವಾಪಸ್ ಬರುವುದಿಲ್ಲ. ಅಪರೂಪ, ಒಪ್ಪಿದೆ. ಆದರೆ ಮುಖದಲ್ಲಿ ಫಿಲ್ಲರ್ ಹಾಕುವ ಜಾಗಗಳಲ್ಲಿ ಅತಿ ಅಪಾಯದವುಗಳಲ್ಲಿ ಮೂಗು ಒಂದು. ಅಮೆರಿಕದ ಎಫ್‌ಡಿಎ ಮೂಗಿಗೆ ಅಂತ ಫಿಲ್ಲರ್‌ಗೆ ಒಪ್ಪಿಗೆ ಕೊಟ್ಟಿಲ್ಲ, ಡಾಕ್ಟರುಗಳು ತಮ್ಮ ಹೊಣೆಯಲ್ಲಿ ಹಾಕುತ್ತಾರೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ಬೆಲೆ ಎಷ್ಟು ಅಂತಲ್ಲ. ಹಾಕುವವರು ಪ್ಲಾಸ್ಟಿಕ್ ಸರ್ಜನ್ನೋ ಚರ್ಮದ ಡಾಕ್ಟರೋ ಅಥವಾ ವಾರದ ಕೋರ್ಸ್ ಮಾಡಿದವರೋ, ಕರಗಿಸುವ ಕಿಣ್ವ ಅವತ್ತು ಅದೇ ಕೋಣೆಯಲ್ಲಿ ಇದೆಯೋ ಇಲ್ಲವೋ.

ಆಪರೇಷನ್ನಿನಲ್ಲಿ ದಿಬ್ಬ ನಿಜಕ್ಕೂ ಹೋಗುತ್ತದೆ. ದಿಬ್ಬದ ಮೇಲ್ಭಾಗ ಮೂಳೆ, ಕೆಳಭಾಗ ಮೃದ್ವಸ್ಥಿ. ಮೃದ್ವಸ್ಥಿಯನ್ನು ಕತ್ತರಿಸಿ, ಮೂಳೆಯನ್ನು ಅರದಿಂದ ಉಜ್ಜುತ್ತಾರೆ ಅಥವಾ ಉಳಿಯಿಂದ ತೆಗೆಯುತ್ತಾರೆ. ದೊಡ್ಡ ದಿಬ್ಬ ತೆಗೆದರೆ ಛಾವಣಿ ಹಾರಿಹೋದ ಮನೆಯ ಹಾಗೆ ಮೂಗಿನ ಮೇಲ್ಭಾಗ ತೆರೆದು ಚಪ್ಪಟೆಯಾಗುತ್ತದೆ. ಅದಕ್ಕೇ ಎರಡೂ ಬದಿಯ ಮೂಳೆಯನ್ನು ಬೇಕೆಂದೇ ಮುರಿದು ಒಳಕ್ಕೆ ಸರಿಸಿ ಛಾವಣಿ ಮುಚ್ಚುತ್ತಾರೆ. ಕೆಲವರು ಈಗ ದಿಬ್ಬವನ್ನು ಮುಟ್ಟದೆ ಅದರ ಅಡಿಯ ಪಾಯದಿಂದ ಸ್ವಲ್ಪ ತೆಗೆದು ಇಡೀ ಸೇತುವೆಯನ್ನೇ ಕೆಳಗಿಳಿಸುತ್ತಾರೆ. ಒಂದು ವಾರ ಪಟ್ಟಿ, ಎರಡು ವಾರ ಕಣ್ಣಿನ ಸುತ್ತ ನೀಲಿ. ಊತ ಪೂರ್ತಿ ಇಳಿದು ಮೂಗು ತನ್ನ ಆಕಾರಕ್ಕೆ ಬರೋಕೆ ಒಂದು ವರ್ಷ. ಕೆಲವರಿಗೆ ಎರಡನೇ ಆಪರೇಷನ್ ಬೇಕಾಗುತ್ತದೆ. ಒಳಗಿನ ಗಾಳಿದಾರಿ ಕಿರಿದಾದರೆ ಉಸಿರಾಟಕ್ಕೇ ತೊಂದರೆ. ಮೂರು ತಿಂಗಳಲ್ಲಿರುವ ಮದುವೆಗೆ ಇದು ಆಗುವ ಕೆಲಸ ಅಲ್ಲ, ಇದನ್ನು ಮಾತ್ರ ನಾನು ಅವಳಿಗೆ ಖಡಾಖಂಡಿತವಾಗಿ ಹೇಳಿದೆ.

ಇನ್ನೊಂದನ್ನೂ ಹೇಳಿದೆ. ಅವಳಿಗೆ ಮೂಗಿನ ಚಿಂತೆ ಶುರುವಾದದ್ದು ಲಾಕ್‌ಡೌನ್ ಕಾಲದಲ್ಲಿ, ದಿನಕ್ಕೆ ಆರು ಗಂಟೆ ವೀಡಿಯೋ ಕಾಲಿನಲ್ಲಿ ತನ್ನದೇ ಮುಖ ನೋಡುತ್ತಾ. 2018ರಲ್ಲಿ ಅಮೆರಿಕದ ಒಬ್ಬ ಸರ್ಜನ್ ಮತ್ತು ಜೊತೆಗಾರರು ಲೆಕ್ಕ ಹಾಕಿ ತೋರಿಸಿದ್ದಾರೆ. ಹನ್ನೆರಡು ಇಂಚು ದೂರದ ಸೆಲ್ಫಿಯಲ್ಲಿ ಮೂಗಿನ ಬುಡ, ಐದು ಅಡಿ ದೂರದ ಫೋಟೋಗಿಂತ ಸುಮಾರು ಶೇಕಡ 30ರಷ್ಟು ಅಗಲ ಕಾಣುತ್ತದೆ. ಅದು ಮೂಗಿನ ದೋಷ ಅಲ್ಲ, ಕ್ಯಾಮೆರಾ ಹತ್ತಿರ ಇರುವುದರ ಫಲ. "ದಿಬ್ಬ ಪಕ್ಕದಿಂದ ಕಾಣೋದು, ಸೆಲ್ಫಿಯಲ್ಲಿ ಅಲ್ಲ" ಅಂತ ತಕ್ಷಣ ಉತ್ತರ ಬಂತು. ಸರಿಯಾದ ಮಾತೇ.

ದೀಪಾವಳಿಗೆ ಊರಿಗೆ ಹೋದಾಗ ಲ್ಯಾಪ್‌ಟಾಪಿನಲ್ಲಿ ಅವಳಿಗೆ ಕಾವಸ್‌ಜಿಯ ಚಿತ್ರ ತೋರಿಸಿದೆ. ಹೊಸ ಮೂಗು ಹೇಗಿದೆ ಅಂತ ಝೂಮ್ ಮಾಡಿ ಮಾಡಿ ನೋಡಿದಳು. ಹಣೆ ನೋಡಿದಳು, ಚರ್ಮ ತೆಗೆದ ಜಾಗ. ಮದುವೆಗೆ ಮುಂಚೆ ಏನನ್ನೂ ಮಾಡಿಸುವುದಿಲ್ಲ, ಆಮೇಲೆ ಒಬ್ಬ ಸರ್ಜನ್ನನ್ನು ನೋಡುತ್ತೇನೆ, ಮೂಗಿನ ಒಳಗೂ ಪರೀಕ್ಷೆ ಮಾಡಿಸುತ್ತೇನೆ, ರಾತ್ರಿ ಒಂದು ಹೊಳ್ಳೆ ಕಟ್ಟುತ್ತದೆ ಅಂದಳು. ನನಗೆ ಈ ವಿಷಯ ಗೊತ್ತೇ ಇರಲಿಲ್ಲ. ಇಷ್ಟು ದಿನ ನಾನು ಓದಿದ್ದೆಲ್ಲ ಹೊರಗಿನ ಗೆರೆಯ ಬಗ್ಗೆ.

ಲ್ಯಾಪ್‌ಟಾಪ್ ಮುಚ್ಚುವ ಮೊದಲು ಕೇಳಿದಳು, "ಮೂಗೇನೋ ಬಂತು. ಅವನ ಕೈ?"

ಪತ್ರದಲ್ಲಿ ಕೈಯ ಬಗ್ಗೆ ಇರುವುದು ಕಡಿದರು ಅನ್ನೋದಷ್ಟೇ. ಅವನಿಗೆ ಕಂಪನಿಯಿಂದ ಪಿಂಚಣಿ ಬರುತ್ತಿತ್ತು ಅಂತ ಮಾತ್ರ ಅದೇ ಪತ್ರದಲ್ಲಿದೆ. ಎತ್ತು ಹೊಡೆಯುವವನಿಗೆ ಎರಡರಲ್ಲಿ ಯಾವುದು ಹೆಚ್ಚು ಬೇಕಿತ್ತು ಅಂತ ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಒಳಗಿನಿಂದ ಚಿಕ್ಕಮ್ಮ ಊಟಕ್ಕೆ ಕರೆದರು.